ಹಸಿರು ಪಟ್ಟಿ ಇಲ್ಲದ ಬಾಕ್ಸು

ಫೋನು ಬಂದಾಗ ಬೆಳಗಿನ ಹತ್ತೂವರೆ. ಸೌಭಾಗ್ಯ ಹೊಸ ಲಾಟಿನ ಮಣೂಕಾವನ್ನು, ಅಂದರೆ ಒಣದ್ರಾಕ್ಷಿಯನ್ನು, ಬಿಳಿ ತಟ್ಟೆಯ ಮೇಲೆ ಹರವಿಕೊಂಡು ತೊಟ್ಟು, ಕಡ್ಡಿ ಹೆಕ್ಕುತ್ತ ಕುಳಿತಿದ್ದಳು. ಆ ಕಡೆಯಿಂದ ಮಾತಾಡಿದವಳು ವಿಜಯಪುರದ ನೂರಜಹಾನ. ಇಪ್ಪತ್ತು ವರ್ಷದಿಂದ ಬೇಕರಿ ನಡೆಸುತ್ತ ಬಂದ ಹೆಂಗಸು. ದರ ಕೇಳುವುದಕ್ಕೂ ಬೇರೆಯವರ ಕೈಲಿ ಫೋನು ಮಾಡಿಸುವವಳು ಇವತ್ತು ತಾನೇ ಮಾಡಿದ್ದಳು.

"ಸೌಭಾಗ್ಯ, ನಿಮ್ಮ ಮಣೂಕಾದಾಗ ತಂತಿ ಸಿಕ್ಕೈತಿ."

"ಎಂಥಾ ತಂತಿರೀ ಆಪಾ?"

"ಬೆರಳಿನ ಗೆಣ್ಣಿನಷ್ಟು ಉದ್ದ, ಸೂಜಿಗಿಂತ ಸಣ್ಣದು. ಹಿಟ್ಟಿಗೆ ಕಲಸೂಮುಂದ ನನ್ನ ಕೈಗೇ ಚುಚ್ಚಿತು. ನನ್ನ ಕೈಗೆ ಚುಚ್ಚಿದ್ದು ಪುಣ್ಯಾ ಅನ್ನು, ಯಾರದರ ಗಂಟಲಾಗ ಹೋಗಿದ್ರ?" ನೂರಜಹಾನ ದನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ವಾಸಿಯಿತ್ತು. "ಲಾಟ್ ನಲವತ್ತೇಳು. ಬಾಕ್ಸ್ ನಂಬರ ನೂರಾ ಎಂಬತ್ನಾಲ್ಕು. ಪಾಸ್ ಚೀಟಿ ಮ್ಯಾಲೆ ನಿನ್ನ ಸಹಿ ಐತಿ."

ತಿಕೋಟಾದ ಹೊರವಲಯದಲ್ಲಿ ಸೌಭಾಗ್ಯ ಕೆಲಸ ಮಾಡುವ ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಒಂದು ಲಾಟು ಅಂದರೆ ಇನ್ನೂರ ನಲವತ್ತು ಬಾಕ್ಸು. ಸುತ್ತಲಿನ ದ್ರಾಕ್ಷಿ ಪಡಗಳಿಂದ ಬಂದ ಮಾಲನ್ನು ತೊಳೆದು, ಒಣಗಿಸಿ, ಅಲುಗಾಡುವ ಜರಡಿಯ ಮೇಲೆ ಹಾಯಿಸಿ, ಹತ್ತು ಹತ್ತು ಕೆಜಿ ತುಂಬಿ, ಒಂದರಿಂದ ನಂಬರು ಬರೆದು ಗೋದಾಮಿನಲ್ಲಿ ಒಟ್ಟುತ್ತಿದ್ದರು. ಲಾಟು ಹೊರಗೆ ಹೋಗುವ ಮುನ್ನ ಕೆಲವು ಬಾಕ್ಸು ಬಿಚ್ಚಿ ನೋಡಿಸಿ ಪಾಸು ಮಾಡುವುದು ಸೌಭಾಗ್ಯಳ ಕೆಲಸ. ಮೊದಲು ನಾಲ್ಕಕ್ಕೊಂದರಂತೆ ಅರವತ್ತು ಬಿಚ್ಚುತ್ತಿದ್ದರು. ಎರಡು ದಿನ ಹಿಡಿಯುತ್ತಿತ್ತು. ಬಿಚ್ಚಿದ ಮಾಲಿಗೆ ಗಾಳಿಯಾಡಿ ಬಣ್ಣ ಕೆಡುತ್ತಿತ್ತು. ಸಂಖ್ಯಾಶಾಸ್ತ್ರ ಓದಿಕೊಂಡು ಬಂದಿದ್ದ ಘೋಣಸಗಿಯ ಈ ಹೆಣ್ಣುಮಗಳು ಒಂದು ವರ್ಷದ ರಜಿಸ್ಟರು ತಿರುವಿ ಹಾಕಿ, ಮಾಲೀಕ ಗುರಲಿಂಗಪ್ಪನ ಮುಂದೆ ಹೊಸ ಲೆಕ್ಕ ಇಟ್ಟಿದ್ದಳು. ಮೊದಲು ಇಪ್ಪತ್ತು ಬಾಕ್ಸು ಬಿಚ್ಚುವುದು. ಒಂದರಲ್ಲೂ ದೋಷ ಕಾಣದಿದ್ದರೆ ಲಾಟು ಪಾಸು. ಒಂದರಲ್ಲಿ ಕಂಡರೆ ಇನ್ನೂ ಇಪ್ಪತ್ತು ನೋಡುವುದು. ಎರಡರಲ್ಲಿ ಕಂಡರೆ ಇಡೀ ಲಾಟು ವಾಪಸು ಜರಡಿಗೆ. ಯಾವ ಇಪ್ಪತ್ತು ಅನ್ನುವುದನ್ನು ಕಣ್ಣಂದಾಜಿನಲ್ಲಿ ಆರಿಸುವ ಹಾಗಿಲ್ಲ. ಅವಳೇ ಚೀಟಿ ಎತ್ತಿ ನಂಬರು ಕೊಡುತ್ತಿದ್ದಳು. ಆ ನಂಬರಿನ ಬಾಕ್ಸು ಹೊರಗೆಳೆದು, ತಟ್ಟೆಗೆ ಸುರಿಸಿ, ನೋಡಿ, ರಜಿಸ್ಟರಿನಲ್ಲಿ ಬರೆದು, ಹಸಿರು ಪಟ್ಟಿ ಅಂಟಿಸಿ ಮುಚ್ಚಿಸುವುದು ಗೋದಾಮಿನ ರಾಮಲಿಂಗನ ಜವಾಬ್ದಾರಿ. ಎಂಟು ತಿಂಗಳು ಈ ಪದ್ಧತಿ ಹೂವು ಎತ್ತಿದ ಹಾಗೆ ನಡೆದಿತ್ತು.

ಸೌಭಾಗ್ಯ ಎದ್ದವಳೇ ಜರಡಿಯನ್ನು ನಿಲ್ಲಿಸಿದಳು. ಮೊಬೈಲಿನ ಬೆಳಕು ಹಾಕಿ ಅದರ ತಂತಿಯ ಜಾಳಿಗೆಯ ಅಂಚನ್ನು ಸವರುತ್ತ ಹೋದಳು. ಹಿಂದಿನ ಮೂಲೆಯಲ್ಲಿ, ಚೌಕಟ್ಟಿನ ನೆರಳು ಬೀಳುವ ಕಡೆ, ಬೆರಳಿಗೆ ಚುರುಕ್ ಅಂತು. ಒಂದು ರೂಪಾಯಿ ನಾಣ್ಯದಷ್ಟು ತೂತು. ತುದಿಗಳನ್ನು ಒಂದೊಂದಾಗಿ ಎಣಿಸಿದಳು. ಏಳು ತುಂಡು ಕಳೆದಿದ್ದವು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ತಂತಿಯಾದ್ದರಿಂದ ಜರಡಿಯ ಮುಂದೆ ಕೂರಿಸಿದ್ದ ಆಯಸ್ಕಾಂತಕ್ಕೂ ಅದು ಸಿಕ್ಕುವಂಥದ್ದಲ್ಲ.

ಗುರಲಿಂಗಪ್ಪ ಬಂದು ತೂತು ನೋಡಿದ. ಐವತ್ತೈದರ ಮನುಷ್ಯ, ಸಿಟ್ಟು ಬಂದರೆ ಮೊದಲು ಮೀಸೆ ಸವರಿಕೊಳ್ಳುತ್ತಿದ್ದ.

"ಅರವತ್ತು ಬಿಚ್ಚತಿದ್ವಿ. ಇಪ್ಪತ್ತ ಸಾಕು ಅಂದ್ಯಲ್ಲವಾ? ಈಗ ಏನಂತಿ?"

"ಈಗ ಅದನ್ನ ಮಾತಾಡೂ ಹೊತ್ತಲ್ಲರಿ ಸಾವ್ಕಾರ್ರ. ಏಳು ತುಂಡು ಹೋಗ್ಯಾವ, ಒಂದು ಸಿಕ್ಕೈತಿ. ಆರು ಇನ್ನೂ ಎಲ್ಲ್ಯರ ಅದಾವು. ಮೊದಲ ಅವನ್ನ ಹುಡುಕೂಣು."

ಲಾಟು ನಲವತ್ತೇಳರಲ್ಲಿ ನೂರೈವತ್ತು ಬಾಕ್ಸು ಇನ್ನೂ ಗೋದಾಮಿನಲ್ಲೇ ಇದ್ದವು. ಅರವತ್ತು ನೂರಜಹಾನಳ ಹತ್ತಿರ. ಆಕೆ ಬಳಸಿದ್ದು ಒಂದನ್ನೇ, ಉಳಿದವನ್ನು ಮುಟ್ಟುವುದಿಲ್ಲ ಅಂದಿದ್ದಳು. ಇನ್ನು ಮೂವತ್ತು ಹೋದದ್ದು ಬಬಲೇಶ್ವರಕ್ಕೆ, ರಾಜಬಿ ನಡೆಸುವ ಮಹಿಳಾ ಸಂಘಕ್ಕೆ. ಅಂಗನವಾಡಿ ಮಕ್ಕಳಿಗೆ ಉಂಡಿ ಕಟ್ಟಿ ಕೊಡುವ ಸಂಘ ಅದು. ರಾಜಬಿಗೆ ಮೂರು ಸಲ ಫೋನು ಹಚ್ಚಿದಳು. ಎತ್ತಲಿಲ್ಲ. ಉಂಡಿ ಕಟ್ಟುವ ಕೈಗೆ ಫೋನು ಎತ್ತುವುದಾಗುತ್ತದೆಯೇ?

ಗೋದಾಮಿನ ಬಾಕ್ಸುಗಳನ್ನೆಲ್ಲ ಬಿಚ್ಚಿ ನೋಡಲು ಹೆಣ್ಣಾಳುಗಳನ್ನು ಕೂರಿಸಿ, ಸೌಭಾಗ್ಯ ಕಾರ್ಖಾನೆಯ ಟಂಟಂ ಆಟೋ ಹತ್ತಿದಳು. ರಜಿಸ್ಟರನ್ನು ಎದೆಗೆ ಅವಚಿಕೊಂಡಿದ್ದಳು. ದಾರಿಯುದ್ದಕ್ಕೂ ಕಣ್ಣು ಅದರ ಒಂದೇ ಪುಟದ ಮೇಲೆ. ಬಬಲೇಶ್ವರಕ್ಕೆ ಹೋದ ಬಾಕ್ಸುಗಳು ನೂರಾ ಐವತ್ತೊಂದರಿಂದ ನೂರಾ ಎಂಬತ್ತು. ಅವುಗಳಲ್ಲಿ ನೂರಾ ಅರವತ್ಮೂರು, ನೂರಾ ಎಪ್ಪತ್ತೊಂದು ಎರಡನ್ನೂ ಅವಳ ಚೀಟಿಯ ಪ್ರಕಾರ ಬಿಚ್ಚಿ ನೋಡಲಾಗಿತ್ತು. 'ದೋಷವಿಲ್ಲ' ಎಂದು ರಾಮಲಿಂಗನ ದುಂಡಗಿನ ಅಕ್ಷರ.

ಸಂಘದ ಶೆಡ್ಡಿನ ಬಾಗಿಲಲ್ಲೇ ಹುರಿದ ಶೇಂಗಾ, ಬೆಲ್ಲದ ಪಾಕದ ವಾಸನೆ ಬಡಿಯಿತು. ಹದಿನೆಂಟು ಹೆಂಗಸರು ಎರಡು ಸಾಲಾಗಿ ಕುಳಿತು ಉಂಡಿ ಕಟ್ಟುತ್ತಿದ್ದರು. ಗೋಡೆಗುಂಟ ಬುಟ್ಟಿಗಳು ತುಂಬಿ ನಿಂತಿದ್ದವು. ರಾಜಬಿ ಬಂದು ಸೆರಗಿನಿಂದ ಕೈ ಒರೆಸಿಕೊಂಡಳು. ಅಗಲ ಮುಖದ, ಗಟ್ಟಿ ದನಿಯ ಹೆಂಗಸು.

"ಬರ್ರಿ ಅಕ್ಕಾರ, ಭಾಳ ದಿನಕ್ಕ ಬಂದ್ರಿ. ಉಂಡಿ ತಿನ್ನರಿ."

"ನಮ್ಮ ಮಣೂಕಾದ ಬಾಕ್ಸ್ ಎಷ್ಟು ಬಿಚ್ಚೀರಿ?"

"ಎರಡು. ಯಾಕರಿ?"

ಸೌಭಾಗ್ಯ ತಂತಿಯ ವಿಷಯ ಹೇಳಿದಳು. ಸಾಲಿನಲ್ಲಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು.

"ನಾಕು ಗಂಟೇಕ ಅಂಗನವಾಡಿ ಗಾಡಿ ಬರತೈತಿ," ರಾಜಬಿ ಅಂದಳು. "ಎರಡು ಸಾವಿರ ಉಂಡಿ ಕೊಡಬೇಕು. ಹಿಂದಿನ ತಿಂಗಳ ಒಮ್ಮೆ ತಡಾ ಮಾಡಿದ್ದಕ್ಕ, ಇನ್ನೊಮ್ಮೆ ಹಿಂಗಾದ್ರ ಬ್ಯಾರೆ ಸಂಘಕ್ಕ ಕೊಡತೇವಿ ಅಂದಾರ. ಹದಿನೆಂಟು ಮನಿ ಒಲಿ ಇದರ ಮ್ಯಾಲೆ ಉರಿತಾವ್ರಿ. ಈಗ ಎರಡು ಹೊಡದೈತಿ. ನೀವು ಏನ ಹೇಳಾಕತ್ತೀರಿ?"

"ಮೊದಲ ಬಾಕ್ಸ್ ತೋರಸರಿ. ಯಾವ ನಂಬರ ಬಿಚ್ಚೀರಿ ನೋಡೂಣು. ನಾವು ತಪಾಸ ಮಾಡಿದ್ದ ಬಾಕ್ಸ್ ಆದ್ರ ಅದರಾಗ ಏನೂ ಇರಂಗಿಲ್ಲ. ಅದಕ ಹಸಿರು ಪಟ್ಟಿ ಹಚ್ಚಿರತೇವಿ."

ಖಾಲಿ ಬಾಕ್ಸುಗಳು ಹಿತ್ತಲಲ್ಲಿ ಬಿದ್ದಿದ್ದವು. ಒಂದು ನೂರಾ ಐವತ್ತೊಂಬತ್ತು. ಇನ್ನೊಂದು ನೂರಾ ಅರವತ್ಮೂರು. ಸೌಭಾಗ್ಯಳಿಗೆ ಹೋದ ಜೀವ ಅರ್ಧ ಬಂದಂತಾಯಿತು. "ನೋಡ್ರಿ, ನೂರಾ ಅರವತ್ಮೂರು ನಮ್ಮ ಪಟ್ಟಿಯಾಗ ಐತಿ. ಇದನ್ನ ನಾವು ಬಿಚ್ಚಿ..."

ಹೇಳುತ್ತಲೇ ಬಾಕ್ಸನ್ನು ತಿರುಗಿಸಿದಳು. ಕಾರ್ಖಾನೆಯ ಕಂದು ಟೇಪು ಒಂದೇ ಪದರ ಇತ್ತು. ಅದನ್ನು ಹರಿದವರು ಈ ಹೆಂಗಸರೇ. ಹಸಿರು ಪಟ್ಟಿಯ ಸುಳಿವೇ ಇರಲಿಲ್ಲ. ಒಳಗೆ ಓಡಿ, ಒಟ್ಟಿದ್ದರಲ್ಲಿ ನೂರಾ ಎಪ್ಪತ್ತೊಂದನ್ನು ಹುಡುಕಿ ತೆಗೆದಳು. ಅದಕ್ಕೂ ಇಲ್ಲ. ಇಪ್ಪತ್ತೆಂಟು ಬಾಕ್ಸುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಒಂದಕ್ಕೂ ಹಸಿರು ಪಟ್ಟಿ ಇರಲಿಲ್ಲ.

ರಾಜಬಿ ಅವಳ ಮುಖವನ್ನೇ ನೋಡುತ್ತಿದ್ದಳು. "ಏನಾತ್ರಿ?"

ಆ ಗಳಿಗೆಯಲ್ಲಿ ಸೌಭಾಗ್ಯಳ ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು. ಹುಡುಕಬೇಕಾದ ಆರು ತುಂಡು ಉಳಿದ ಇನ್ನೂರ ಮೂವತ್ತೊಂಬತ್ತು ಬಾಕ್ಸುಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಈ ಎರಡೇ ಬಾಕ್ಸಿನಲ್ಲಿ ಒಂದಾದರೂ ಇರುವ ಸಂಭವ ನೂರಕ್ಕೆ ಐದು. ಇರದೇ ಇರುವುದಕ್ಕೆ ತೊಂಬತ್ತೈದು. ಗಾಡಿ ಕಳಿಸಿಬಿಟ್ಟರೆ ತೊಂಬತ್ತೈದು ಪಾಲು ಏನೂ ಆಗುವುದಿಲ್ಲ. ಹದಿನೆಂಟು ಮನೆಯ ಒಲೆ ಉಳಿಯುತ್ತದೆ; ತನ್ನ ಹೆಸರೂ ಉಳಿಯುತ್ತದೆ.

ಒಂದು ಬುಟ್ಟಿಯೊಳಗಿಂದ ಉಂಡಿಯೊಂದನ್ನು ಎತ್ತಿಕೊಂಡಳು. ನಿಂಬೆಹಣ್ಣಿನಷ್ಟು ಗಾತ್ರ. ಮೂರು ವರ್ಷದ ಮಗು ಇದನ್ನು ಕಚ್ಚಿ ತಿನ್ನುವುದಿಲ್ಲ, ಬಾಯಲ್ಲಿ ತುರುಕಿಕೊಂಡು ನುಂಗುತ್ತದೆ.

"ರಾಜಬಿ ಅಕ್ಕಾರ, ಇವನ್ನ ಒಡಿಬೇಕು."

"ಎಷ್ಟು?"

"ಎಲ್ಲಾ."

"ಎಲ್ಲಾ!" ಸಾಲಿನಲ್ಲಿದ್ದ ಒಬ್ಬಳು ಎದ್ದೇಬಿಟ್ಟಳು. "ಮುಂಜಾನಿಂದ ಬೆನ್ನು ಮುರದು ಕಟ್ಟೇವಿ. ನೀವ ಇಪ್ಪತ್ತ ಬಿಚ್ಚಿ ಇನ್ನೂರಾ ನಲವತ್ತು ಪಾಸ್ ಮಾಡತೀರಿ, ನಮಗ ಮಾತ್ರ ಎಲ್ಲಾ ಒಡೀರಿ ಅಂತೀರಲ್ಲ?"

ಸೌಭಾಗ್ಯ ತಲೆ ತಗ್ಗಿಸಲಿಲ್ಲ. "ಖರೇ ಅಕ್ಕಾ. ತಪ್ಪು ನಮ್ಮದು. ಬೆಲ್ಲ, ಶೇಂಗಾ, ನಿಮ್ಮ ಇವತ್ತಿನ ಕೂಲಿ ಎಲ್ಲಾ ಕಾರ್ಖಾನಿ ಕೊಡಬೇಕು. ಕೊಡಸತೇನಿ. ಗಾಡಿಯವರ ಮುಂದ ತಡ ಯಾಕಾತು ಅನ್ನೂದನ್ನ ನನ್ನ ಸಹಿ ಹಾಕಿ ಬರದು ಕೊಡತೇನಿ. ಆದ್ರ ಒಂದೂ ಉಂಡಿ ಹಂಗ ಹೋಗಬಾರದು."

ರಾಜಬಿ ಗಡಿಯಾರ ನೋಡಿದಳು, ಬುಟ್ಟಿಗಳನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ, ಮೊದಲ ಬುಟ್ಟಿಯನ್ನು ತಾನೇ ಬೋರಲು ಹಾಕಿದಳು. "ಕೂಡ್ರಿ ಎಲ್ಲಾರೂ. ಬೆರಳಿಂದ ಪುಡಿ ಮಾಡ್ರಿ. ಅವಸರ ಮಾಡಬ್ಯಾಡ್ರಿ."

ಸೌಭಾಗ್ಯಳೂ ಕುಳಿತಳು. ಮೂರು ಗಂಟೆಗೆ ತಿಕೋಟಾದಿಂದ ಫೋನು: ಗೋದಾಮಿನ ಬಾಕ್ಸುಗಳಲ್ಲಿ ಈತನಕ ನಾಲ್ಕು ತುಂಡು ಸಿಕ್ಕಿವೆ, ಎಲ್ಲವೂ ನೂರಾ ಮೂವತ್ತರಿಂದ ಈಚಿನ ನಂಬರುಗಳಲ್ಲೇ. ಜರಡಿ ಕಿತ್ತದ್ದು ಲಾಟಿನ ನಡುವೆ ಅಂತಾಯಿತು. ತುಂಡುಗಳು ಎಲ್ಲೆಲ್ಲೋ ಚೆಲ್ಲಿಲ್ಲ, ಒಂದೇ ಕಡೆ ಗುಂಪಾಗಿ ಬಿದ್ದಿವೆ. ಬಬಲೇಶ್ವರದ ಬಾಕ್ಸುಗಳು ಅದೇ ಗುಂಪಿನ ಮಧ್ಯದವು. ನೂರಕ್ಕೆ ಐದು ಅಂದುಕೊಂಡ ಲೆಕ್ಕ ಶುದ್ಧ ಸುಳ್ಳಾಗಿತ್ತು.

ಮೂರೂವರೆಗೆ ಕಿಟಕಿಯ ಬದಿ ಕುಳಿತಿದ್ದ ಮುದುಕಿ "ಯವ್ವಾ" ಅಂದಳು. ದೊಡ್ಡ ದನಿಯಲ್ಲೇನೂ ಅಲ್ಲ. ಆಕೆಯ ಅಂಗೈಯಲ್ಲಿ ಶೇಂಗಾದ ಪುಡಿಯ ನಡುವೆ ತಂತಿಯ ತುಂಡೊಂದು ಮಿಂಚುತ್ತಿತ್ತು. ಆಗ ಎದ್ದು ಮಾತಾಡಿದ್ದ ಹೆಂಗಸು ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಸಿಕ್ಕಿತೆಂದು ಯಾರೂ ನಿಲ್ಲಿಸಲಿಲ್ಲ. ಕೊನೆಯ ಉಂಡಿಯವರೆಗೂ ಒಡೆದರು. ಗಾಡಿ ಬಂದು ಅರ್ಧ ತಾಸು ನಿಂತು, ಸೌಭಾಗ್ಯ ಬರೆದುಕೊಟ್ಟ ಕಾಗದ ಒಯ್ದು, ಖಾಲಿಯಾಗಿ ಹೋಯಿತು.

ತಿಕೋಟಾಕ್ಕೆ ಮರಳಿದಾಗ ಇನ್ನೂ ಬಿಸಿಲಿತ್ತು. ರಾಮಲಿಂಗ ಗೋದಾಮಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅರಕೇರಿಯವನು, ಅರವತ್ತರ ಹತ್ತಿರದ ವಯಸ್ಸು. ಸೌಭಾಗ್ಯ ಕೆಲಸಕ್ಕೆ ಸೇರಿದ ದಿನ ಅವಳಿಗೆ ಕಡ್ಡಿಯಾವುದು, ಕಾಯಿಯಾವುದು ಎಂದು ಬೆರಳಿಟ್ಟು ಕಲಿಸಿದವನೇ ಅವನು. ಅವಳ ಕೈಯಲ್ಲಿದ್ದ ನೂರಾ ಅರವತ್ಮೂರರ ಖಾಲಿ ಬಾಕ್ಸು ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು.

"ಕಾಕಾ, ಇದನ್ನ ಬಿಚ್ಚಿಲ್ಲ."

"ಇಲ್ಲ ತಂಗಿ."

"ಮತ್ತ ಯಾವ ಇಪ್ಪತ್ತು ಬಿಚ್ಚಿದ್ರಿ?"

"ಮುಂದಿನ ಸಾಲಿನಾವು. ನೂರಜಹಾನ ಆಪಾಗೆ ಹೋಗ್ಯಾವಲ್ಲ, ಅವು."

"ನಾ ಕೊಟ್ಟ ನಂಬರ?"

"ರಜಿಸ್ಟರನ್ಯಾಗ ನೀ ಕೊಟ್ಟಾವ ಬರದೇನಿ." ಅವನು ಎದ್ದು ಗೋದಾಮಿನ ಬಾಗಿಲು ಅಗಲಿಸಿದ. ಮತ್ತೊಂದು ಲಾಟು ಗೋಡೆಯವರೆಗೂ ಒಟ್ಟಿತ್ತು. ಆಳಕ್ಕೆ ಐದು ಸಾಲು, ಎತ್ತರಕ್ಕೆ ಎಂಟು. "ಈಗ ನೀ ಅರವತ್ಮೂರು ಅಂತ ಚೀಟಿ ಕೊಡತಿ. ಅದು ಅಲ್ಲಿ, ಹಿಂದಿನ ಗ್ವಾಡಿ ಕಡಿ, ತಳದಾಗ. ತಗದು ತೋರಸು."

ಸೌಭಾಗ್ಯ ಸೆರಗು ಸಿಕ್ಕಿಸಿ ನಿಂತಳು. ಮುಂದಿನ ಬಾಕ್ಸುಗಳನ್ನು ಒಂದೊಂದಾಗಿ ಇಳಿಸಿದಳು. ಹದಿನಾರು ಇಳಿಸುವಷ್ಟರಲ್ಲಿ ತೋಳು ನಡುಗಿದವು. ಇಪ್ಪತ್ತೆಂಟಕ್ಕೆ ಉಸಿರು ಕಟ್ಟಿತು. ಅರವತ್ಮೂರರ ಮುಖ ಇನ್ನೂ ಕಂಡಿರಲಿಲ್ಲ.

"ಒಂದು ನಂಬರಿಗೆ ಇಷ್ಟಾತು," ರಾಮಲಿಂಗ ಅಂದ. ಅವನ ದನಿಯಲ್ಲಿ ಜಗಳವಿರಲಿಲ್ಲ. "ನಂಬರ ಇಪ್ಪತ್ತು ಅದಾವು. ಮೊದಲ ನಾಕ ತಿಂಗಳ ಖರೇನ ಮಾಡೇನಿ. ಆಮ್ಯಾಲೆ ಸೊಂಟ ಹಿಡೀತು. ಇನ್ನೊಬ್ಬ ಆಳು ಕೊಡ್ರಿ ಅಂತ ಸಾವ್ಕಾರ್ರಿಗೆ ಕೇಳಿದ್ರ, ಸೌಭಾಗ್ಯ ಕೆಲಸ ಮೂರನೇ ಪಾಲು ಮಾಡ್ಯಾಳ, ಇನ್ನ್ಯಾಕ ಆಳು ಅಂದ್ರು. ನಿನಗ ಹೇಳಬೇಕಾಗಿತ್ತು. ಹೇಳಿದ್ರ ಕೆಲಸ ಹೊಕ್ಕೈತೇನೋ ಅಂತ ಅಂಜಿದೆ. ತಪ್ಪು ಮಾಡೇನಿ."

ಅವಳು ಬಾಕ್ಸಿನ ಮೇಲೆ ಕುಸಿದು ಕುಳಿತಳು. ಇಪ್ಪತ್ತು ಬಾಕ್ಸು ಬಿಚ್ಚುವ ಖರ್ಚು, ನೋಡುವ ವೇಳೆ, ಕೆಡುವ ಮಾಲು ಎಲ್ಲವನ್ನೂ ಅವಳು ಲೆಕ್ಕ ಹಿಡಿದಿದ್ದಳು. ಹೊರಗೆ ಎಳೆಯುವ ಸೊಂಟದ ಲೆಕ್ಕ ಹಿಡಿದಿರಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಇಲ್ಲಿ ಬಂದು ನಿಂತು ನೋಡಿರಲಿಲ್ಲ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಅವಳಿಗೆ ಕಣ್ಣು ತುಂಬಿ ಬಂತು. ರಾಮಲಿಂಗ ಬೇರೆ ಕಡೆ ನೋಡಿದ.

ಏಳನೆಯ ತುಂಡು ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಬಬಲೇಶ್ವರದಿಂದ ವಾಪಸು ತಂದ ಬಾಕ್ಸುಗಳಲ್ಲಿ. ಕೈಗೆ ಬಂದ ತುಂಡುಗಳನ್ನು ಜಾಳಿಗೆಯ ತೂತಿಗೆ ಒಂದೊಂದಾಗಿ ಹೊಂದಿಸಿ, ಲೆಕ್ಕ ಏಳಾಯಿತೆಂದು ಖಚಿತ ಮಾಡಿಕೊಂಡ ಮೇಲೆ ಸೌಭಾಗ್ಯ ಗುರಲಿಂಗಪ್ಪನ ಕೋಣೆಗೆ ಹೋದಳು. ರಾಮಲಿಂಗನೂ ಹಿಂದೆಯೇ ಬಂದು ಬಾಗಿಲ ಬಳಿ ನಿಂತ. ನಡೆದದ್ದನ್ನು ಅವನೇ ಹೇಳಿದ.

ಗುರಲಿಂಗಪ್ಪ ಮೀಸೆ ಸವರಿಕೊಂಡ. "ಹಂಗಾರ ಇದು ನಿನ್ನ ಕೆಲಸ. ಆ ಹುಡುಗಿ ಲೆಕ್ಕ ಸರಿ ಇತ್ತು. ನೀ ನಾಳಿಂದ ಬರಬ್ಯಾಡ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೌಭಾಗ್ಯ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನನ್ನ ಲೆಕ್ಕಾನೂ ಸರಿ ಇರಲಿಲ್ಲರಿ ಸಾವ್ಕಾರ್ರ. ಕಾಕಾ ನಾ ಹೇಳಿದ್ದ ಇಪ್ಪತ್ತೂ ಬಿಚ್ಚಿದ್ರೂ, ಏಳು ಬಾಕ್ಸಿನ್ಯಾಗಿನ ತಂತಿ ನೂರರಾಗ ಐವತ್ನಾಕು ಸಲ ನಮ್ಮ ಕಣ್ಣು ತಪ್ಪಸತಿತ್ತು. ಹಳೇ ಪದ್ಧತಿ ಪ್ರಕಾರ ಅರವತ್ತು ಬಿಚ್ಚಿದ್ರ ಹದಿಮೂರು ಸಲ."

"ಅಂದ್ರ ಅರವತ್ತ ಛಲೋ ಇತ್ತು ಅಂತ ನೀನ ಹೇಳಾಕತ್ತಿ!"

"ತಂತಿ ಮಟ್ಟಿಗೆ ಹೌದರಿ. ಆದ್ರ ಹದಿಮೂರು ಸಲಾನೂ ಯಾರೂ ನುಂಗಬಾರದಲ್ಲರಿ. ಕಡ್ಡಿ, ತೇವ, ಬಣ್ಣ ಇವಕ್ಕ ಇಪ್ಪತ್ತು ಸಾಕು, ಅದಕ್ಕ ಈಗೂ ನಿಂತೇನಿ. ಒಂದು ಕಡ್ಡಿ ಜಾಸ್ತಿ ಹೋದ್ರ ಗಿರಾಕಿ ಬೈತಾನ, ಅಷ್ಟ. ತಂತಿ ಹಂಗಲ್ಲ. ಅದನ್ನ ಬಾಕ್ಸ್ ಬಿಚ್ಚಿ ಹುಡುಕೂದ ತಪ್ಪು. ಜರಡೀನ ನೋಡಬೇಕಾಗಿತ್ತು. ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ಬೆಳಕು ಹಿಡದು ಬೆರಳು ಆಡಿಸಿದ್ರ ಐದು ನಿಮಿಷದ ಕೆಲಸ. ಅದನ್ನ ನಾ ಬರಿಲಿಲ್ಲ. ಕಾಕಾನ್ನ ತಗೀತೀನಿ ಅಂದ್ರ, ಆ ಐವತ್ನಾಕಕ್ಕ ಯಾರನ್ನ ತಗೀತೀರಿ?"

ಗುರಲಿಂಗಪ್ಪ ಹಾಳೆಯನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. ಸೌಭಾಗ್ಯ ಆ ನಾಲ್ಕು ನಿಮಿಷದಲ್ಲಿ ತನ್ನ ಕೆಲಸ ಹೋಯಿತೆಂದೇ ತಿಳಿದಿದ್ದಳು.

"ಇಬ್ಬರೂ ವಿಜಯಪುರಕ್ಕ ನಡೀರಿ," ಅಂದ ಕೊನೆಗೆ. "ನೂರಜಹಾನ ಮುಂದ ಇದನ್ನ ಹಿಂಗ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ. ಆಕಿ ಏನಂತಾಳ ಕೇಳಿಕೊಂಡ ಬರ್ರಿ. ಬಬಲೇಶ್ವರದವರಿಗೆ ಏನೇನು ಕೊಡಬೇಕು ಅದನ್ನ ನಾ ನೋಡತೇನಿ."

ನೂರಜಹಾನ ಬೇಕರಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಎಲ್ಲವನ್ನೂ ಕೇಳಿದಳು. ಬೆರಳಿಗೆ ಇನ್ನೂ ಪಟ್ಟಿ ಸುತ್ತಿತ್ತು. ಚಹಾ ಕೊಡಲಿಲ್ಲ. ಕೇಳಿಯಾದ ಮೇಲೆ, "ಮೂರು ತಿಂಗಳ ಮಾಲು ಬ್ಯಾಡ," ಅಂದಳು. "ಆಮ್ಯಾಲೆ ನಾನ ಬಂದು ನೋಡತೇನಿ. ಸುಳ್ಳು ಹೇಳಿದ್ರ ಕಾಯಂ ಬ್ಯಾಡಾಗತಿತ್ತು."

ರಾಜಬಿಯ ಸಂಘದ ಕೆಲಸ ಉಳಿಯಿತು. ಒಂದು ದಿನ ತಡವಾಗಿ ಹೋದ ಉಂಡಿಗಳ ಜೊತೆ ಆ ತಂತಿಯ ತುಂಡನ್ನೂ ಕಾಗದಕ್ಕೆ ಅಂಟಿಸಿ ಆಕೆಯೇ ಅಂಗನವಾಡಿಯ ಕಚೇರಿಗೆ ಒಯ್ದಿದ್ದಳಂತೆ, ನೋಡಿದವರು ತಡವಾದುದರ ಮಾತೇ ಎತ್ತಲಿಲ್ಲವಂತೆ. ಆದರೆ ತಿಕೋಟಾದ ಒಣದ್ರಾಕ್ಷಿಯನ್ನು ಆಕೆ ಮತ್ತೆ ಕೊಳ್ಳಲಿಲ್ಲ. ಸೌಭಾಗ್ಯ ಎರಡು ಸಲ ಫೋನು ಮಾಡಿದಳು. ಮೂರನೆಯ ಸಲ ಮಾಡಲಿಲ್ಲ.

ಹೊಸ ಪದ್ಧತಿ ಬರೆಯುವಾಗ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಒಂದು ವಾರ ತೂಕದ ಕಾಟಾದ ಬಳಿ ನಿಂತಳು. ಬಾಕ್ಸುಗಳನ್ನು ಒಟ್ಟಿದ ಮೇಲೆ ಎಳೆಯುವ ಬದಲು, ತೂಕವಾಗಿ ಕೆಳಗಿಳಿಯುವಾಗಲೇ ಚೀಟಿಯ ನಂಬರು ಬಂದದ್ದನ್ನು ಪಕ್ಕಕ್ಕೆ ಸರಿಸುವುದು ಎಂದಾಯಿತು. ಚೀಟಿ ಎತ್ತುವುದು ಲಾಟು ಶುರುವಾಗುವ ಮುನ್ನ, ಬೇಕಾದೀತೆಂದು ಎರಡನೆಯ ಇಪ್ಪತ್ತನ್ನೂ ಸೇರಿಸಿ. ಜರಡಿಯನ್ನು ದಿನಕ್ಕೆ ಎರಡು ಸಲ ಬೆರಳಾಡಿಸಿ ನೋಡುವುದೂ ಪದ್ಧತಿಯಲ್ಲಿ ಸೇರಿತು. ಸರಿಸುವವನು ರಾಮಲಿಂಗ, ಅದಕ್ಕೆ ಸೊಂಟ ಬಗ್ಗಿಸಬೇಕಾಗಿರಲಿಲ್ಲ. ರಜಿಸ್ಟರು ಮಾತ್ರ ಅವನ ಕೈಗೆ ಮತ್ತೆ ಹೋಗಲಿಲ್ಲ. ಅವನು ಕೇಳಲೂ ಇಲ್ಲ.

ಮೊದಲ ಲಾಟಿನ ದಿನ ಗುರಲಿಂಗಪ್ಪ ಲಾರಿ ತರಿಸಿ ನಿಲ್ಲಿಸಿದ್ದ. ಹನ್ನೊಂದನೆಯ ಬಾಕ್ಸನ್ನು ತಟ್ಟೆಗೆ ಸುರಿದಾಗ ಕಡ್ಡಿ ಹೆಚ್ಚು ಕಂಡವು, ದೋಷ ಅನ್ನುವ ಮಿತಿ ದಾಟುವಷ್ಟು. ಉಳಿದ ಒಂಬತ್ತರಲ್ಲಿ ಏನೂ ಇರಲಿಲ್ಲ. ಸೌಭಾಗ್ಯ ಹೊರಗೆ ಬಂದು, "ಇನ್ನೂ ಇಪ್ಪತ್ತು ನೋಡಬೇಕ್ರಿ. ಲಾರಿ ತಡ ಆಕ್ಕೈತಿ," ಅಂದಳು.

ಮಾಲೀಕ ಲಾರಿಯತ್ತ ನೋಡಿದ. ಡ್ರೈವರು ಆಗಲೇ ಇಂಜಿನ್ನು ಚಾಲೂ ಮಾಡಿ ಕುಳಿತಿದ್ದ.

"ಬಂದ್ ಮಾಡಲೇ," ಎಂದು ಗುರಲಿಂಗಪ್ಪ ಅವನಿಗೆ ಕೂಗಿ ಹೇಳಿ, ನೆರಳಿಗೆ ಒಂದು ಕುರ್ಚಿ ಎಳೆದುಕೊಂಡು ಕುಳಿತ.